ಹುಳು ಬರೆದ ಹಿಮ್ಮಡಿ

ಬಿದ್ದ ಜಾಲಿಮರದ ತೊಗಟೆಯನ್ನು ಎಬ್ಬಿಸಿ ನೋಡಿದರೆ ಕೆಲವೊಮ್ಮೆ ಅದರಡಿಯಲ್ಲಿ ಒಂದು ಚಿತ್ರ ಕಾಣುತ್ತದೆ. ನಡುವೆ ಒಂದು ನೇರ ಕಾಲುವೆ, ಅದರ ಎರಡು ಬದಿಗೂ ಹತ್ತಾರು ಎಳೆ ಕಾಲುವೆಗಳು. ಯಾರೋ ನವಿಲುಗರಿಯನ್ನು ಮರದ ಮೇಲೆ ಒತ್ತಿ ತೆಗೆದ ಹಾಗೆ. ನಡುವಿನದು ತಾಯಿದುಂಬಿ ಕೊರೆದದ್ದು. ಅಕ್ಕಿಕಾಳಿಗಿಂತ ಸಣ್ಣದಾದ ಆ ದುಂಬಿ ಕೊರೆಯುತ್ತಾ ಹೋಗಿ, ಎರಡು ಗೋಡೆಗೂ ಸಾಲಾಗಿ ಮೊಟ್ಟೆಯಿಟ್ಟು ತನ್ನ ಕೆಲಸ ಮುಗಿಸುತ್ತದೆ. ಮೊಟ್ಟೆಯೊಡೆದ ಮರಿಹುಳುಗಳು ತಾಯಿಯ ದಾರಿಗೆ ಬೆನ್ನು ಹಾಕಿ, ತಂತಮ್ಮ ದಾರಿ ಕೊರೆದುಕೊಂಡು ಹೊರಡುತ್ತವೆ. ಹುಳು ಬೆಳೆದಂತೆ ದಾರಿಯೂ ಅಗಲವಾಗುತ್ತದೆ. ಕಣ್ಣಿಲ್ಲ, ಬೆಳಕಿಲ್ಲ, ಆದರೂ ಒಂದರ ದಾರಿಯನ್ನು ಇನ್ನೊಂದು ತುಳಿಯುವುದಿಲ್ಲ. ಪಕ್ಕದ ಹುಳು ಮರ ಕಡಿಯುವ ಸದ್ದು ಹತ್ತಿರವಾಯಿತೆಂದರೆ ಈ ಹುಳು ಮೆಲ್ಲನೆ ಆಚೆ ಹೊರಳಿಕೊಳ್ಳುತ್ತದೆ.

ಸಿಂಚನಾ ಇದನ್ನು ಮೊದಲು ಕಂಡದ್ದು ದೇವರಾಯನದುರ್ಗದ ತಪ್ಪಲಿನಲ್ಲಿ. ಆಗ ಅವಳು ತುಂಬಿದ ಬಸುರಿ. ಗೆಳತಿಯರ ಜೊತೆ ಬುತ್ತಿ ಕಟ್ಟಿಕೊಂಡು ಹೋದವಳು ಸುಸ್ತಾಗಿ ಒಂದು ಒಣ ದಿಮ್ಮಿಯ ಮೇಲೆ ಕೂತಿದ್ದಳು. ಕೈಗೆ ಸಿಕ್ಕಿದ ತೊಗಟೆಯನ್ನು ಸುಮ್ಮನೆ ಸುಲಿದರೆ ಒಳಗೆ ಈ ಚಿತ್ರ. ಒಂದೇ ತಾಯಿಯ ಮಕ್ಕಳು ಇಷ್ಟು ಜಗಳವಿಲ್ಲದೆ ಜಾಗ ಹಂಚಿಕೊಂಡಿವೆಯಲ್ಲ ಎಂದು ಅವಳಿಗೆ ನಗು ಬಂತು. ಮರುಕ್ಷಣವೇ ಇನ್ನೊಂದು ಯೋಚನೆ ಬಂದು, ಕೈಯಲ್ಲಿದ್ದ ಚಿತ್ರಾನ್ನ ಕೈಯಲ್ಲೇ ಉಳಿಯಿತು.

ಇದು ಮರವಾಗಿರದೆ ಮಾಂಸವಾಗಿದ್ದರೆ?

ತುಮಕೂರಿನ ಅಂಚಿನಲ್ಲಿ ಅವಳು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಮಾಂಸ ಬೆಳೆಸುವುದು ಆ ಹೊತ್ತಿಗೆ ಹೊಸತೇನಲ್ಲ. ರೋಗಿಯ ಮೈಯಿಂದ ಸಾಸಿವೆಯಷ್ಟು ಚೂರು ತೆಗೆದು, ಅದರ ಜೀವಕೋಶಗಳನ್ನು ಸಾಕಿ, ಗಾಯಕ್ಕೆ ಹಾಕುವ ಜೀವಂತ ತೇಪೆ ಬೆಳೆಸುತ್ತಿದ್ದರು. ನಾಣ್ಯದಗಲದ ತೇಪೆ ಚೆನ್ನಾಗಿ ಕೂತುಕೊಳ್ಳುತ್ತಿತ್ತು. ಅಂಗೈಯಗಲದ್ದು ಮಾತ್ರ, ಅಂಚು ಬೆಂದು ನಡುವೆ ಹಸಿಯಾಗೇ ಉಳಿಯುವ ದಪ್ಪ ರೊಟ್ಟಿಯಂತೆ, ಅಂಚಿನಲ್ಲಿ ಬದುಕಿ ನಡುವೆ ಕಪ್ಪಾಗಿ ಸಾಯುತ್ತಿತ್ತು. ನೆತ್ತರು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಯಂತ್ರದಿಂದ ನಾಳಗಳ ಅಚ್ಚು ಕೊರೆಸಿ ನೋಡಿದ್ದರು. ಯಂತ್ರ ಕೊರೆದ ನುಣುಪು ಗೋಡೆಗೆ ಜೀವಕೋಶಗಳು ಅಂಟಿಕೊಳ್ಳದೆ ಜಾರಿ ಗಂಟು ಕಟ್ಟುತ್ತಿದ್ದವು.

ಹುಳು ಕಡಿದ ಗೋಡೆ ಒರಟು. ಅದಕ್ಕೆ ಜೀವಕೋಶಗಳು ಮಗು ಸೆರಗು ಹಿಡಿದಂತೆ ಹಿಡಿದುಕೊಂಡವು. ತೆಳ್ಳನೆಯ ಜಾಲಿ ಹಲಗೆಯ ಮೇಲೆ ತಾಯಿದುಂಬಿಯನ್ನು ಬಿಟ್ಟು, ಗಾಜು ಮುಚ್ಚಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರೆ ಒಂದೆರಡು ವಾರದಲ್ಲಿ ಅಚ್ಚು ಸಿದ್ಧ. ಹುಳುಗಳು ಹೊರಬಿದ್ದ ಮೇಲೆ ಹಲಗೆಯನ್ನು ಆವಿಯಲ್ಲಿ ಬೇಯಿಸಿ ಶುದ್ಧ ಮಾಡಿ, ಕಾಲುವೆಗಳಿಗೆ ಜೀವಕೋಶ ಬೆರೆಸಿದ ಲೋಳೆ ತುಂಬಿ, ಮೇಲೆ ಮಾಂಸ ಬೆಳೆಸುವುದು. ಬೆಳೆದ ತೇಪೆಯನ್ನು ಬಾಳೆಲೆಯಿಂದ ಹೋಳಿಗೆ ಬಿಡಿಸುವ ಹಾಗೆ ಬಿಡಿಸಿಕೊಂಡರಾಯಿತು. ಗಾಯದ ಅಂಚಿನಿಂದ ನೆತ್ತರು ಕಾಲುವೆಗಳ ಅಗಲ ತುದಿಗಳಿಗೆ ಹೊಕ್ಕು, ದಾರಿಯುದ್ದಕ್ಕೂ ಮಾಂಸಕ್ಕೆ ಉಣಿಸಿ, ಎಳೆಯಾಗಿ ನಡುಗಾಲುವೆಗೆ ಬಂದು ಮೈಗೆ ಮರಳುತ್ತದೆ.

ತೊಡಕು ಒಂದೇ. ಹುಳು ತನ್ನಿಷ್ಟ ಬಂದ ಕಡೆ ಹೋಗುತ್ತದೆ. ಗಾಯವೋ, ಪ್ರತಿಯೊಬ್ಬರದೂ ಒಂದೊಂದು ಆಕಾರ. ಹುಳು ಹೋಗದ ಜಾಗದಲ್ಲಿ ಕಾಲುವೆಯಿಲ್ಲ. ಕಾಲುವೆಯಿಲ್ಲದ ಕಡೆ ಮಾಂಸ ಸಾಯುತ್ತದೆ.

"ನಿನ್ನ ಹುಳುಗಳು ಸರ್ಕಾರಿ ನೌಕರರು ಕಣೇ," ಎಂದಿದ್ದಳು ಜೀವಕೋಶ ಸಾಕುವ ಫರ್ಹಾನಾ. "ಕೆಲಸ ಚೆನ್ನಾಗೇ ಮಾಡ್ತವೆ. ಹೇಳಿದ ಕಡೆ ಮಾತ್ರ ಮಾಡಲ್ಲ."

ಮನೆಯಲ್ಲಿ ಸಿಂಚನಾಳ ಅತ್ತೆ ತಿಮ್ಮಾಜಮ್ಮ. ಬಸ್ಸುಗಳಲ್ಲಿ ಇನ್ನೂ ಕಂಡಕ್ಟರುಗಳಿದ್ದ ಕಾಲದಲ್ಲಿ ತುಮಕೂರು–ಪಾವಗಡ ದಾರಿಯಲ್ಲಿ ಕಂಡಕ್ಟರ್ ಆಗಿದ್ದವರು. ಈಗ ಬಸ್ಸಿಗೆ ಡ್ರೈವರೂ ಇಲ್ಲ, ಕಂಡಕ್ಟರೂ ಇಲ್ಲ. ಬಾಗಿಲೇ ಮುಖ ನೋಡಿ ಟಿಕೆಟ್ ಕೊಡುತ್ತದೆ. ಆದರೆ ಮನೆಯಲ್ಲಿ ತಿಮ್ಮಾಜಮ್ಮನ ಬಸ್ಸು ಇನ್ನೂ ಓಡುತ್ತಿತ್ತು. ಮಗ ಲೋಹಿತ ಸ್ನಾನದ ಮನೆಯಲ್ಲಿ ತಡ ಮಾಡಿದರೆ "ಹಿಂದಿನೋರು ಇಳೀರಿ, ಮುಂದಿನೋರು ಕಾಯ್ತಾವ್ರೆ!" ಎನ್ನುವರು. ಯಾರಾದರೂ ತಮಗೆ ಬೇಡದ ಮಾತೆತ್ತಿದರೆ "ಹೋಲ್ಡಾನ್!" ಎಂದು ಗೋಡೆ ಬಡಿಯುವರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಮೊಮ್ಮಗಳು ಇಳಾ ಹುಟ್ಟಿದ ಮೇಲೆ ಮನೆಯಲ್ಲಿ ಒಂದೇ ಒಂದು ದೊಡ್ಡ ಜಗಳವಾಗಿತ್ತು. ಅದು ಬಜೆ ಬೇರಿನದು. ಕೂಸಿನ ನಾಲಿಗೆಗೆ ಬಜೆ ತೇಯ್ದು ನೆಕ್ಕಿಸಬೇಕು, ಮಾತು ಸ್ಪಷ್ಟವಾಗುತ್ತದೆ ಎಂದು ಅತ್ತೆ. ಹೊಟ್ಟೆಗೆ ಒಳ್ಳೆಯದಲ್ಲ, ಡಾಕ್ಟರು ಬೇಡವೆಂದಿದ್ದಾರೆ ಎಂದು ಸೊಸೆ.

"ನಿನ್ ಗಂಡನ ನಾಲ್ಗೇಗೆ ನಾನೇ ಹಚ್ಚಿವ್ನಿ. ನೋಡು, ಎಂಗೆ ಮಾತಾಡ್ತಾನೆ!"

"ಅದನ್ನ ನೋಡೇ ಬೇಡ ಅಂತಿರೋದು ಅತ್ತೆ."

ತಿಮ್ಮಾಜಮ್ಮ ನಗು ತಡೆಯಲಾರದೆ ಸೋತರು. ಕೊನೆಗೆ ರಾಜಿಯಾಯಿತು: ನಾಲಿಗೆಗೆ ಬೇಡ, ಅಂಗಾಲಿಗೆ ಹಚ್ಚಬಹುದು, ಕೈಗೆ ಬಜೆಮಣಿಯ ಬಳೆ ಕಟ್ಟಬಹುದು. ಅಂದಿನಿಂದ ದಿನವೂ ಕೂಸಿಗೆ ನೀರೆರೆದ ಮೇಲೆ ಸಾಣೆಕಲ್ಲಿನ ಮೇಲೆ ಬಜೆ ತೇಯ್ದು ಆ ಪುಟ್ಟ ಅಂಗಾಲುಗಳಿಗೆ ಸವರುವುದು ಅಜ್ಜಿಯ ಕೆಲಸ. ಮನೆಗೆಲ್ಲ ಅದರ ಘಾಟು ಹರಡುತ್ತಿತ್ತು.

ಮೊಮ್ಮಗಳ ಅಂಗಾಲನ್ನು ಅಷ್ಟು ನೋಡಿಕೊಂಡವರು ತಮ್ಮದನ್ನು ನೋಡಿಕೊಳ್ಳಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದು ವರ್ಷಗಳಾಗಿದ್ದವು. ಒಂದು ದಿನ ಹುಣಸೆಹಣ್ಣು ಬಿಡಿಸುವಾಗ ಬೀಜವೊಂದು ಚಪ್ಪಲಿಯೊಳಗೆ ಸೇರಿಕೊಂಡಿತು. ಇಡೀ ದಿನ ಅದನ್ನೇ ತುಳಿದುಕೊಂಡು ಓಡಾಡಿದರು, ತಿಳಿಯಲೇ ಇಲ್ಲ. ಎಡಗಾಲಿನ ಹಿಮ್ಮಡಿ ಒಡೆಯಿತು. ಒಡೆದದ್ದು ಕೀವಾಯಿತು, ಕೀವು ಗುಳಿಯಾಯಿತು. ಸೊಸೆಗೆ ಹೇಳದೆ ಅರಿಶಿನ ಕಟ್ಟಿಕೊಂಡರು. ಲೋಹಿತ ವಾಸನೆ ಹಿಡಿದು ಬಟ್ಟೆ ಬಿಚ್ಚಿಸುವ ಹೊತ್ತಿಗೆ ಹಿಮ್ಮಡಿಯ ಅರ್ಧ ಹೋಗಿತ್ತು.

ಆಸ್ಪತ್ರೆಯ ಶಸ್ತ್ರವೈದ್ಯ ಬೆಳ್ಳಿಯಪ್ಪ ಸುತ್ತಿ ಬಳಸಿ ಮಾತಾಡುವವರಲ್ಲ. "ಹಿಮ್ಮಡಿ ತುಂಬೋಕೆ ಮಾಂಸ ಇಲ್ಲ ಅಂದ್ರೆ ಮೊಣಕಾಲಿನ ಕೆಳಗಿಂದ ಕಾಲು ತೆಗೀಬೇಕಮ್ಮ. ಆಯುಧಪೂಜೆ ತನಕ ಸೋಂಕು ಮೇಲೇರದ ಹಾಗೆ ಹಿಡಿದಿಡ್ತೀನಿ. ಆಮೇಲೆ ನನ್ನ ಕೈಲಿಲ್ಲ." ಸಿಂಚನಾಳ ಕಡೆ ತಿರುಗಿ, "ನಿಮ್ಮ ತೇಪೆ ಹಿಮ್ಮಡಿಗೆ ಬರುತ್ತೇನ್ರೀ? ಬಂದ್ರೆ ನಾನು ಹೊಲೀತೀನಿ," ಎಂದರು.

ತಿಮ್ಮಾಜಮ್ಮ ಮಂಚದ ಕಂಬಿಯನ್ನು ಬಡಿದರು. "ಹೋಲ್ಡಾನ್!"

ಯಾರೂ ನಗಲಿಲ್ಲ. ಅವರೇ ಮೆಲ್ಲನೆ ಹೇಳಿದರು: "ಇಪ್ಪತ್ತೆಂಟು ವರ್ಸ ನಿಂತ್ಕಂಡೇ ಬದುಕಿವ್ನಿ ಕಣವ್ವ. ಕೂತ್ಕಂಡು ಬದುಕೋದು ನಂಗೆ ಬರಾಕಿಲ್ಲ. ನಿನ್ ಹುಳಕ್ಕೆ ಹೇಳು."

ಹುಳಕ್ಕೆ ಹೇಳುವುದೇ ಆಗದ ಕೆಲಸವಾಗಿತ್ತು. ಹಿಮ್ಮಡಿಯ ಆಕಾರಕ್ಕೆ ಹಲಗೆಗಳನ್ನು ಬಟ್ಟಲಿನಂತೆ ಕೊರೆಸಿ ಸಿಂಚನಾ ಮೊದಲ ಕಂತಿನ ದುಂಬಿಗಳನ್ನು ಬಿಟ್ಟಳು. ಪೆಟ್ಟಿಗೆ ತೆರೆದಾಗ ಎಲ್ಲ ಹಲಗೆಗಳಲ್ಲೂ ಒಂದೇ ಕಥೆ. ಅಂಗಾಲಿನ ಸಪಾಟು ಭಾಗದಲ್ಲಿ ಕಾಲುವೆಗಳು ಒತ್ತೊತ್ತಾಗಿ ಹರಡಿದ್ದವು. ಹಿಮ್ಮಡಿ ಮೇಲಕ್ಕೆ ಬಾಗುವ ಕಡೆ ಒಂದೂ ಇಲ್ಲ. ಅಲ್ಲಿ ಮರದ ಎಳೆ ಅಡ್ಡ ಬೀಳುತ್ತದೆ. ಹುಳುವಿಗೆ ಸುಲಭದ ದಾರಿ ಬೇರೆ ಕಡೆ ಇರುವಾಗ ಅದೇಕೆ ಕಷ್ಟಪಟ್ಟೀತು? ಫರ್ಹಾನಾ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು.

ಎರಡನೆಯ ಕಂತು ಹೂಡುವ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಅತ್ತೆಯ ಫೋನು ಬಂತು.

"ಕೂಸಿನ ಕಾಲಿಗೆ ಬಜೆ ಹಚ್ಚಿದ್ಯಾ?"

"ಹಚ್ತೀನಿ ಅತ್ತೆ."

"ಹಚ್ತೀನಿ ಅಂತ ಸುಳ್ಳೇಳ್ಬೇಡ. ನಾನು ಬಂದಾಗಿಂದ ಹಚ್ಚಿಲ್ಲ ನೀನು. ಲೋಹಿತ ಯೇಳ್ದ."

ಅದು ನಿಜ. ಅತ್ತೆ ಆಸ್ಪತ್ರೆ ಸೇರಿದ ಮೇಲೆ ಸಾಣೆಕಲ್ಲು ಒಣಗಿ ಬಿದ್ದಿತ್ತು. ಸಿಂಚನಾ ತನಗೆ ನಂಬಿಕೆಯಿಲ್ಲದ ಕೆಲಸವನ್ನು ಆ ದಿನ ಮೊದಲ ಬಾರಿ ತನ್ನ ಕೈಯಾರೆ ಮಾಡಿದಳು. ಬೇರನ್ನು ತೇಯ್ದು, ಮೂರು ಬೆರಳಿನಲ್ಲಿ ಬಳಿದು ಇಳಾಳ ಅಂಗಾಲಿಗೆ ಸವರಿದಳು. ಕೂಸು ಕಚಗುಳಿಗೆ ಕೇಕೆ ಹಾಕಿತು. ಆ ಕೇಕೆ ಕೇಳಲೆಂದೇ ಇನ್ನೊಮ್ಮೆ ಸವರಿ, ಕೈಯನ್ನು ಅರೆಬರೆ ತೊಳೆದು ಬಸ್ಸಿಗೆ ಓಡಿದಳು.

ಅವಳಿಗೊಂದು ಕೆಟ್ಟ ಅಭ್ಯಾಸವಿತ್ತು. ಕೈಗವಸು ಹಾಕುವ ಮುಂಚೆ ಹಲಗೆಯ ಹಸಿ ಎಷ್ಟಿದೆಯೆಂದು ಬರಿಬೆರಳಲ್ಲಿ ಮುಟ್ಟಿ ನೋಡುವಳು, ಮಗುವಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿದ ಹಾಗೆ. ಅದಕ್ಕೆ ಅಳೆಯುವ ಸಾಧನವಿತ್ತು. ಆದರೂ ಮುಟ್ಟದೆ ಮನಸ್ಸು ಒಪ್ಪುತ್ತಿರಲಿಲ್ಲ. ಫರ್ಹಾನಾ ಇದಕ್ಕಾಗಿ ಎಷ್ಟೋ ಸಲ ಗದರಿದ್ದಳು. ಆ ದಿನವೂ ಮುಟ್ಟಿದಳು.

ಪೆಟ್ಟಿಗೆ ತೆರೆದ ದಿನ ಮೊದಲು ನೋಡಿದವಳು ಫರ್ಹಾನಾ.

"ಹಾಳಾಯ್ತು," ಎಂದಳು. "ಬಾ, ನೋಡು. ಈ ಸಲ ಸಪಾಟು ಜಾಗದಲ್ಲೂ ತೂತು ತೂತು."

ನಿಜವೇ. ಪ್ರತಿ ಹಲಗೆಯಲ್ಲೂ ಸಪಾಟು ಜಾಗದ ನಡುವೆ ಮೂರು ದುಂಡನೆಯ ಬೋಳು ಕಲೆಗಳು. ಕಾಲುವೆಗಳು ಅವುಗಳ ಹತ್ತಿರ ಬಂದು, ಕಲ್ಲಿಗೆ ಸಿಕ್ಕಿದ ತೊರೆಯ ಹಾಗೆ ಬಳಸಿ ಆಚೆ ಸರಿದಿದ್ದವು. ಸಿಂಚನಾ ಕುರ್ಚಿ ಎಳೆದುಕೊಂಡು ಕೂತು ದಿನ ಎಣಿಸಿದಳು. ಉಳಿದಿದ್ದ ಸಮಯದಲ್ಲಿ ಇನ್ನೊಂದೇ ಕಂತು ಹೂಡಬಹುದಿತ್ತು. ಅವಳ ಕಣ್ಣಿಗೆ ಕತ್ತರಿಸಿದ ಕಾಲು, ಗಾಲಿಕುರ್ಚಿ, ಗೋಡೆ ಬಡಿಯದ ಅತ್ತೆ, ಎಲ್ಲ ಕಂಡು ಹೋದವು.

"ಏನು ತಾಗಿಸಿದ್ಯೇ ಇವಕ್ಕೆ?" ಫರ್ಹಾನಾ ಕೇಳಿದಳು. "ಎಲ್ಲದರಲ್ಲೂ ಒಂದೇ ಜಾಗ, ಒಂದೇ ದೂರ. ಯಾರೋ ಮುದ್ರೆ ಒತ್ತಿದಂಗಿದೆ."

ಸಿಂಚನಾ ತಲೆಯೆತ್ತಿದಳು. ಎದ್ದು ಬಂದು, ಗಾಜು ಸರಿಸಿ, ಬಲಗೈಯ ಮೂರು ಬೆರಳುಗಳನ್ನು ಮೂರು ಬೋಳು ಕಲೆಗಳ ಮೇಲಿಟ್ಟಳು. ಅಚ್ಚುಕಟ್ಟಾಗಿ ಕೂತವು.

"ನನ್ನ ಕೈ," ಎಂದಳು.

"ಬರಿಗೈಲಿ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ ನಾನು? ಎಷ್ಟು ಸಲ?"

"ಪ್ರತಿ ಸಲವೂ ಮುಟ್ಟಿದೀನಿ ಫರ್ಹಾನಾ. ಹೋದ ಕಂತಿಗೂ ಮುಟ್ಟಿದ್ದೆ. ಆಗ ಯಾಕೆ ಬೋಳಾಗಲಿಲ್ಲ?"

ಸಿಂಚನಾ ಹಲಗೆಯನ್ನು ಮೂಗಿನ ಹತ್ತಿರ ತಂದಳು. ಜಾಲಿಯ ಒಗರು ವಾಸನೆಯ ಹಿಂದೆ, ತೀರಾ ಮೆಲ್ಲಗೆ, ಇನ್ನೊಂದು ವಾಸನೆ: ಮಗುವಿನ ಅಂಗಾಲಿನ, ಅತ್ತೆಯ ಸೆರಗಿನ, ಬೆಳಗಿನ ಮನೆಯ ಘಾಟು.

ಹುಳು ಬಜೆಯ ವಾಸನೆ ಹಿಡಿದು ತಿರುಗಿತ್ತು. ಸಾಯಲಿಲ್ಲ, ನಿಲ್ಲಲಿಲ್ಲ; ಪಕ್ಕದ ಹುಳುವಿಗೆ ದಾರಿ ಬಿಟ್ಟ ಹಾಗೆಯೇ ಇದಕ್ಕೂ ದಾರಿ ಬಿಟ್ಟು ಮುಂದೆ ಹೋಗಿತ್ತು. ಹಾಗಿದ್ದರೆ ಎಲ್ಲಿ ಬಜೆಯೋ ಅಲ್ಲಿ ಹುಳುವಿಲ್ಲ. ಬೇಡದ ಕಡೆ ಚುಕ್ಕಿಯಿಟ್ಟರೆ ಬೇಕಾದ ಕಡೆ ಹೋಗಲೇಬೇಕು.

"ಹೇಳಿದ ಕಡೆ ಕೆಲಸ ಮಾಡ್ತವೆ ಕಣೇ," ಎಂದಳು ಸಿಂಚನಾ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನಮಗೇ ಹೇಳೋ ಭಾಷೆ ಗೊತ್ತಿರಲಿಲ್ಲ, ಅಷ್ಟೇ."

ಫರ್ಹಾನಾ ಅವಳನ್ನು ತಬ್ಬಿಕೊಂಡು, "ಆದ್ರೂ ಕೈಗವಸು ಹಾಕ್ಕೋ," ಎಂದಳು.

ಚುಕ್ಕಿಗಳು ಚಿಕ್ಕದಾಗಿರಬೇಕು, ಒಂದೇ ಸಮನಾಗಿರಬೇಕು. ದೊಡ್ಡದಾದರೆ ಅಲ್ಲಿಯ ಮಾಂಸವೇ ಸಾಯುತ್ತದೆ. ಕುಂಚದಲ್ಲಿ ಇಟ್ಟರೆ ಹರಡಿತು. ಕಡ್ಡಿಯಲ್ಲಿ ಇಟ್ಟರೆ ಒಂದು ದಪ್ಪ, ಒಂದು ಸಣ್ಣ. ತೂತು ಮಾಡಿದ ಹಾಳೆಯನ್ನು ಹಲಗೆಯ ಮೇಲಿಟ್ಟು ತೂತಿನ ಮೂಲಕ ಲೇಪ ಒರೆಸಿದರೆ ಸರಿಹೋಗಬಹುದೆಂದು ಸಿಂಚನಾ ಮನೆಯಲ್ಲಿ ಬಳೆಪೆಟ್ಟಿಗೆ, ಹೊಲಿಗೆಪೆಟ್ಟಿಗೆಗಳನ್ನೆಲ್ಲ ತಡಕುತ್ತಿದ್ದಳು. ಆಗ ಅತ್ತೆಯ ಟ್ರಂಕಿನಲ್ಲಿ, ಖಾಕಿ ಅಂಗಿಯ ಮಡಿಕೆಯೊಳಗೆ, ಟಿಕೆಟ್ ಪಂಚು ಸಿಕ್ಕಿತು. ಟಿಕೆಟ್ ಕೊಡುವ ಯಂತ್ರ ಬರುವ ಮೊದಲು ಕಾಗದದ ಟಿಕೆಟಿನಲ್ಲಿ ಇಳಿಯುವ ಸ್ಟೇಜಿನ ಗುರುತಿಗೆ ತೂತು ಹೊಡೆಯುತ್ತಿದ್ದ ಹಳೆಯ ಇಕ್ಕಳ. ಕೈತಾಗಿ ತಾಗಿ ಅದರ ಹಿಡಿ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಗಾಯದ ಆಕಾರವನ್ನು ಗೆರೆ ಎಳೆದ ಹಾಳೆಯನ್ನೂ ಪಂಚನ್ನೂ ತೆಗೆದುಕೊಂಡು ಅವಳು ಆಸ್ಪತ್ರೆಗೆ ಹೋದಳು. ತಿಮ್ಮಾಜಮ್ಮ ಸೊರಗಿದ್ದರು. ಪಂಚು ಕಂಡದ್ದೇ ಎದ್ದು ದಿಂಬಿಗೊರಗಿ ಕೂತರು.

"ಇದ್ಯಾಕೆ ತಂದೆ?"

ಸಿಂಚನಾ ಎಲ್ಲವನ್ನೂ ಹೇಳಿದಳು. ಬಜೆಯ ಮಾತು ಬಂದಾಗ ಅತ್ತೆಯ ಹುಬ್ಬು ಮೇಲೇರಿತು.

"ನಾಲ್ಗೇಗೆ ಬ್ಯಾಡ ಅಂದೆ. ಈಗ ನೋಡು, ಹುಳದ ಬಾಯಿಗೆ ಹಚ್ತಾ ಇದ್ದೀಯ."

"ಮಾತು ಕೇಳ್ಲಿ ಅಂತ ಅತ್ತೆ."

"ಹುಂ. ಎಲ್ಲಿ ಹೊಡೀಬೇಕು ಯೇಳು. ಯಾವ ಸ್ಟೇಜು?"

ಸಿಂಚನಾ ಪೆನ್ನಿನಿಂದ ಗುರುತು ತೋರಿಸಿದಳು. ಹುಳುಗಳು ಗುಂಪು ಸೇರುವ ಸಪಾಟಿನಲ್ಲಿ ಒತ್ತಾಗಿ; ಹಿಮ್ಮಡಿಯ ಬಾಗಿನ ಇಕ್ಕೆಲಗಳಲ್ಲಿ ಸಾಲಾಗಿ, ನಡುವೆ ದಾರಿ ಬಿಟ್ಟು. ತಿಮ್ಮಾಜಮ್ಮನ ಹೆಬ್ಬೆರಳು ಪಂಚಿನ ಮೇಲೆ ಕೂತಿತು. ಟಕ್, ಟಕ್, ಟಕ್. ಒಂದು ತೂತೂ ಗುರುತು ತಪ್ಪಲಿಲ್ಲ. ಓಡುವ ಬಸ್ಸಿನಲ್ಲಿ, ಗುಂಡಿಬಿದ್ದ ದಾರಿಯಲ್ಲಿ, ಕಂಬಿಗೆ ಸೊಂಟ ಆನಿಸಿ ಹೊಡೆದ ಕೈ ಅದು. ನಿಂತ ಮಂಚದ ಮೇಲೆ ಏನು ಮಹಾ. ಪಕ್ಕದ ಹಾಸಿಗೆಯವರೂ ನರ್ಸಮ್ಮನೂ ನೋಡುತ್ತಾ ನಿಂತರು.

ಕೊನೆಯ ತೂತು ಹೊಡೆದು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಮ್ಮಡಿಯ ಜಾಗದ ಮೇಲೆ ಬಾಯಿಟ್ಟು ತಿಮ್ಮಾಜಮ್ಮ ಕೂಗಿದರು:

"ಹಿಂದ್ಗಡೆ ಖಾಲಿ ಐತೆ! ಹಿಂದಕ್ಕೋಗಿ, ಹಿಂದಕ್ಕೋಗಿ!"

ವಾರ್ಡಿಗೆ ವಾರ್ಡೇ ನಕ್ಕಿತು.

ಮೂರನೆಯ ಕಂತಿನ ಪೆಟ್ಟಿಗೆ ತೆರೆಯುವಾಗ ಸಿಂಚನಾ ಕಣ್ಣು ಮುಚ್ಚಿಕೊಂಡಳು. "ನೀನೇ ನೋಡಿ ಹೇಳು," ಎಂದಳು. ಗಾಜು ಸರಿದ ಸದ್ದು ಕೇಳಿಸಿತು.

"ಏನಾಯ್ತೇ?"

"ಹಿಂದೆ ಸೀಟು ಖಾಲಿ ಇಲ್ಲ," ಎಂದಳು ಫರ್ಹಾನಾ.

ಸಿಂಚನಾ ಕಣ್ಣು ತೆರೆದಳು. ಕಾಲುವೆಗಳು ಚುಕ್ಕಿಗಳ ನಡುವೆ ನುಸುಳಿ, ಬಾಗಿನ ಮೇಲೇರಿ, ಹಿಮ್ಮಡಿಯ ತುದಿಯವರೆಗೂ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಒಂದು ಇನ್ನೊಂದನ್ನು ತುಳಿದಿರಲಿಲ್ಲ. ಅಗಲ ತುದಿಗಳೆಲ್ಲ ಅಂಚಿಗೆ ಬಂದು, ಬಾಗಿಲು ತೆರೆದು ಯಾರನ್ನೋ ಕಾಯುವಂತೆ ನಿಂತಿದ್ದವು.

ಮಾಂಸ ಬೆಳೆಸುವುದು ಫರ್ಹಾನಾಳ ಪಾಲಿನ ಕೆಲಸ. ಬಾಣಂತಿಯ ಕೋಣೆಯಂತೆ ಅಲ್ಲಿಗೆ ಯಾರನ್ನೂ ಬಿಡಲಿಲ್ಲ. ತೇಪೆಯ ನಡುಭಾಗ ಕಪ್ಪಾಗುವ ದಿನ ಬಂತು, ಹೋಯಿತು, ಕಪ್ಪಾಗಲಿಲ್ಲ. ಆಯುಧಪೂಜೆಯ ಹಿಂದಿನ ವಾರ ಬೆಳ್ಳಿಯಪ್ಪ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಎಲೆಯ ನರಗಳಂತೆ ಒಳಗಿನ ದಾರಿಗಳು ಕಂಡವು. ಅಷ್ಟು ವರ್ಷ ಮಾಂಸ ಹೊಲಿದ ಮನುಷ್ಯ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು.

ಹೊಲಿದ ಮೇಲೆ ಕಾಯುವುದು. ಮೊದಲ ಪಟ್ಟಿ ಬಿಚ್ಚುವ ದಿನ ಲೋಹಿತ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಪದರದ ಮೇಲೆ ಪದರ ಬಟ್ಟೆ ಬಿಚ್ಚಿದರು. ಹಿಮ್ಮಡಿ ನಸುಗೆಂಪಾಗಿತ್ತು. ಬೆಳ್ಳಿಯಪ್ಪ ಬೆರಳಿಂದ ಒತ್ತಿದರು, ಜಾಗ ಬೆಳ್ಳಗಾಯಿತು. ಬೆರಳು ತೆಗೆದರು. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಆ ಬಿಳುಪಿನೊಳಕ್ಕೆ, ಅಂಚಿನಿಂದ, ಸಣ್ಣ ಸಣ್ಣ ದಾರಿಗಳಲ್ಲಿ ಕೆಂಪು ಹರಿದು ಬಂತು.

"ಬಂತು!" ಎಂದು ಮೊದಲು ಕಿರುಚಿದವಳು ನರ್ಸಮ್ಮ. ಲೋಹಿತ ತಿರುಗಿ ನೋಡಿ ಅಮ್ಮನ ತಲೆಯ ಮೇಲೆ ಕೈಯಿಟ್ಟು ಅಳತೊಡಗಿದ.

"ಅಳ್ಬೇಡ ಕಣೋ, ಯಾರಾದ್ರೂ ನೋಡಿದ್ರೆ ಲಗೇಜ್ ಕಳ್ಕೊಂಡೋನು ಅಂದ್ಕಂತಾರೆ," ಎಂದರು ತಿಮ್ಮಾಜಮ್ಮ.

ಹಿಮ್ಮಡಿ ಗಟ್ಟಿಯಾಗಲು ಚಳಿಗಾಲ ಕಳೆಯಿತು. ಮೊದಲು ಮಂಚ ಹಿಡಿದು ನಿಂತರು, ಆಮೇಲೆ ಗೋಡೆ ಹಿಡಿದು. ಆ ಹೊತ್ತಿಗೆ ಇಳಾ ಕೂಡ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅಜ್ಜಿ ಮೊಮ್ಮಗಳು ಪಡಸಾಲೆಯ ಒಂದೇ ಗೋಡೆಗೆ ಸಾಲಾಗಿ ನಿಂತು ಹೆಜ್ಜೆ ಕಲಿತರು. ಯಾರು ಮೊದಲು ಗೋಡೆ ಬಿಟ್ಟರೆಂಬ ಬಗ್ಗೆ ಆ ಮನೆಯಲ್ಲಿ ಇಂದಿಗೂ ವಾದವಿದೆ. ಬಿಸಿಲಿಗೆ ಕಾಲು ಚಾಚಿ ಕೂತಾಗ ಅಜ್ಜಿಯ ಹಿಮ್ಮಡಿಯ ಮೇಲೆ ಮಸುಕಾಗಿ ಆ ಗರಿಯ ಚಿತ್ರ ಕಾಣುತ್ತಿತ್ತು. ಇಳಾ ಅದರ ಮೇಲೆ ಬೆರಳಾಡಿಸುವಳು. ಇತ್ತ ಪ್ರಯೋಗಾಲಯದಲ್ಲಿ ಬೇರೆ ಬೇರೆ ಊರಿನ ಹಿಮ್ಮಡಿಗಳು, ಬೆನ್ನುಗಳು, ಸುಟ್ಟ ಅಂಗೈಗಳು ಹಾಳೆಯ ಮೇಲೆ ಗೆರೆಯಾಗಿ ಬರತೊಡಗಿದ್ದವು. ಎಲ್ಲ ಹಾಳೆಗೂ ತೂತು ಹೊಡೆಯುವ ಕೆಲಸ ತಿಮ್ಮಾಜಮ್ಮನದೇ ಆಯಿತು.

ಹೊಸ ಕೆಲಸಕ್ಕೆ ಹೊರಟ ಮೊದಲ ದಿನ ಅತ್ತೆ ಸೊಸೆ ಒಟ್ಟಿಗೆ ಬಸ್ಸು ಹತ್ತಿದರು. ಬಾಗಿಲು ಮುಖ ನೋಡಿ ಟಿಕೆಟ್ ಕೊಟ್ಟಿತು.

"ಸೀಟಿದೆ, ಕೂತ್ಕೊಳ್ಳಿ ಅತ್ತೆ."

"ಕೂತ್ಕಳಾಕೇನವ್ವ ನೀನು ಇಷ್ಟೆಲ್ಲ ಮಾಡಿದ್ದು?"

ತಿಮ್ಮಾಜಮ್ಮ ಬಾಗಿಲ ಬಳಿಯ ಕಂಬಿಗೆ ಸೊಂಟ ಆನಿಸಿ, ಎರಡು ಪಾದಗಳನ್ನೂ ಊರಿ ನಿಂತರು. ಬಸ್ಸು ಮಾತ್ರ ಹೊರಡಲಿಲ್ಲ. ಯಾರೋ ಓಡಿ ಬರುತ್ತಿದ್ದರೋ ಏನೋ, ಯಂತ್ರ ತನ್ನ ಲೆಕ್ಕದಲ್ಲಿ ಕಾಯುತ್ತಿತ್ತು. ಅವರು ಹೊರಗೆ ಹಿಂದೆ ಒಮ್ಮೆ, ಮುಂದೆ ಒಮ್ಮೆ ನೋಡಿದರು. ಓಡಿ ಬಂದ ಹುಡುಗಿ ಹತ್ತಿಕೊಂಡಳು. ತಿಮ್ಮಾಜಮ್ಮ ಅಂಗೈಯಿಂದ ಬಸ್ಸಿನ ಮೈಯನ್ನು ಎರಡು ಸಲ ಬಡಿದರು.

"ರೈಟ್! ರೈಟ್!"

ಬಸ್ಸು ಹೊರಟಿತು.